ಎಂಟನೆಯ ಗಿಡದ ಕೆಂಪು ಬಟ್ಟೆ

ನೆನಪನ್ನು ನಂಬಬಾರದು ಎಂದು ಹೇಳಿಕೊಂಡು ತಿರುಗುವವರಲ್ಲಿ ನಾನೂ ಒಬ್ಬಳು. ಅದಕ್ಕೇ ದಿನಚರಿ ಬರೆಯುತ್ತೇನೆ ಎಂದೂ ಸೇರಿಸುತ್ತೇನೆ. ಇದರಲ್ಲಿ ಅರ್ಧ ಸುಳ್ಳು. ಬರೆದ ಪುಟವನ್ನು ನಾನು ತಿರುಗಿ ನೋಡುವುದೇ ಇಲ್ಲ; ಎಲ್ಲ ನೆನಪಿದೆಯಲ್ಲ! ಮೊನ್ನೆ ಮಾತ್ರ ನೋಡಿದೆ. ಅಲ್ಲಿಂದೀಚೆಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ, ಹೇಳಿಬಿಡುತ್ತೇನೆ.

ನಮ್ಮ ಗೋಣಿಬೀಡಿನ ಕಡೆ ಮಳೆಗಾಲದಲ್ಲಿ ಜನರಿಗೆ ಶೀತ ಹಿಡಿಯುತ್ತದೆ. ಕಳೆದ ಮಳೆಗಾಲ ನನಗೆ ಬುದ್ಧ ಹಿಡಿದ. ಎಂ.ಎ.ಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಕರ್ಮ, ಕರುಣೆ ಎಂಬ ಪದಗಳಿಗೆ ಮೂವತ್ತು ವರ್ಷದ ಮೇಲೆ ಇದ್ದಕ್ಕಿದ್ದಂತೆ ಜೀವ ಬಂತು. ಸೊಳ್ಳೆಯನ್ನು ಹೊಡೆಯದೆ ಊದಿ ಕಳಿಸತೊಡಗಿದೆ. ಕಾಲಿಗೆ ಇಂಬಳ ಹತ್ತಿದರೆ ಉಪ್ಪು ಹಾಕದೆ, ಅದು ರಕ್ತ ಕುಡಿದು ಮುಗಿಸಿ ತಾನೇ ಉದುರುವವರೆಗೆ ಕಾದೆ. ಇಂಬಳದ ಊಟ ಎಷ್ಟು ನಿಧಾನದ್ದೆಂದು ಬಲ್ಲವರಿಗೆ ನನ್ನ ಸಾಧನೆಯ ಎತ್ತರ ತಿಳಿದೀತು. ಎಲ್ಲಕ್ಕಿಂತ ಹಿಡಿಸಿದ್ದು, ಸಂಕಲ್ಪವೇ ಕರ್ಮ ಎಂಬ ಬೋಧೆ. ಮಾಡಿದ್ದಕ್ಕಿಂತ ಮಾಡುವಾಗಿನ ಮನಸ್ಸು ಮುಖ್ಯ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನಂಥ ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ?

ನಮ್ಮ ತೋಟದಲ್ಲಿ ಕಾಫಿ ಹಣ್ಣಾಗುವ ಹೊತ್ತಿಗೆ ಗಿಡಗಳ ಎಲೆಯಡಿ ಕಣಜಗಳು ಗೂಡು ಕಟ್ಟಿರುತ್ತವೆ. ಕೊಯ್ಲಿಗೆ ಮುಂಚಿನ ಸಂಜೆ ನಮ್ಮ ಮೇಸ್ತ್ರಿ ಶೇಷಪ್ಪ ಉದ್ದನೆಯ ಕೋಲಿನ ತುದಿಗೆ ಸೀಮೆಎಣ್ಣೆ ಅದ್ದಿದ ಬಟ್ಟೆ ಸುತ್ತಿ ಅವನ್ನೆಲ್ಲ ಸುಟ್ಟು ಬರುವುದು ವಾಡಿಕೆ. ಈ ಸಲ ಬೇಡ ಎಂದೆ. ಗೂಡಿರುವ ಗಿಡಕ್ಕೆ ನಾನೇ ಕೆಂಪು ಬಟ್ಟೆ ಕಟ್ಟುತ್ತೇನೆ, ಕೊಯ್ಯುವವರು ಅದೊಂದನ್ನು ಬಿಟ್ಟು ಮುಂದೆ ಹೋಗಲಿ ಎಂದೆ. ಶೇಷಪ್ಪ ನನ್ನನ್ನೊಮ್ಮೆ, ಕೋಲನ್ನೊಮ್ಮೆ ನೋಡಿ, ಕೋಲನ್ನು ಗೋಡೆಗೆ ಒರಗಿಸಿದ. ಎಂಟು ಗೂಡು ತೋರಿಸಿಕೊಟ್ಟ. ನಾನು ಹಳೆಯ ಸೀರೆ ಹರಿದು ಎಂಟು ಪಟ್ಟಿ ಮಾಡಿಕೊಂಡು ಹೊರಟೆ. ಆ ಸಂಜೆಯ ನನ್ನ ಹುಮ್ಮಸ್ಸನ್ನು ನೀವು ನೋಡಬೇಕಿತ್ತು.

ಕೊಯ್ಲಿನ ಹೆಂಗಸರಿಗೆ ಗಿರಿಜ ಮುಂದಾಳು. ಅವಳು ಮೊದಲ ಗಿಡಕ್ಕೆ ಕೈ ಹಾಕಿದ ಮೇಲೆಯೇ ಉಳಿದವರು ತಮ್ಮ ತಮ್ಮ ಸಾಲು ಹಿಡಿಯುವುದು. ಹಸಿರು ಕಾಯಿ ಒಂದೂ ಉದುರದಂತೆ ಕೆಂಪು ಹಣ್ಣನ್ನಷ್ಟೇ ಬಿಡಿಸುವ ಕೈ ಅವಳದು. ಮೂರನೆಯ ದಿನ ಕೆರೆಯ ಕೆಳಗಿನ ಗಿಡವೊಂದರ ಕೊಂಬೆ ಬಗ್ಗಿಸಿದಳು. ಕಣಜಗಳು ಮುಖಕ್ಕೇ ಎದ್ದವು. ಜೀಪಿನಲ್ಲಿ ಮೂಡಿಗೆರೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳ ಎರಡು ಕಣ್ಣೂ ಊದಿ ಮುಚ್ಚಿಹೋಗಿದ್ದವು. ಸಂಜೆಗೆ ಶೇಷಪ್ಪ ಯಾರನ್ನೂ ಕೇಳದೆ ಆ ಗೂಡು ಸುಟ್ಟ. ಗಿಡದಲ್ಲಿ ಬಟ್ಟೆ ಇದ್ದಿದ್ದರೂ ಬೂದಿಯಾಗುತ್ತಿತ್ತು.

ನಾಲ್ಕು ದಿನದ ಮೇಲೆ ಅವಳು ಕೆಲಸಕ್ಕೆ ಬಂದಾಗ, ಎಲ್ಲರೆದುರು, ತುಂಬ ಮೃದುವಾಗಿ ಕೇಳಿದೆ: ಬಟ್ಟೆ ಕಟ್ಟಿದ್ದೆನಲ್ಲ, ನೋಡಬಾರದಿತ್ತೇ?

"ಬಟ್ಟೆ ಇರ್ಲಿಲ್ಲ ಅಮ್ಮ," ಎಂದಳು.

ಇತ್ತು ಎಂದೆ. ನನಗೆ ಚೆನ್ನಾಗಿ ನೆನಪಿತ್ತು. ಗಂಟು ಹಾಕುವಾಗ ಕಿವಿಯ ಪಕ್ಕದಲ್ಲಿ ಗುಂಯ್‌ಗುಡುವ ಸದ್ದು, ಒದ್ದೆ ಬೆರಳಿಗೆ ಹತ್ತಿದ ಸೀರೆಯ ಬಣ್ಣ. ಗಿರಿಜ ಬುಟ್ಟಿ ಎತ್ತಿಕೊಂಡು ತನ್ನ ಸಾಲಿಗೆ ಹೋದಳು. ಉಳಿದವರು ಬಿಟ್ಟಾರೆಯೇ? "ಗಿರಿಜಕ್ಕಂಗೆ ಕೆಂಪೇ ಕಾಣಲ್ಲ ಮಾರಾಯ್ತಿ, ಹಣ್ಣು ಯಾವ್ದು ಕಾಯಿ ಯಾವ್ದು ಅಂತ ಹೆಂಗೆ ನೋಡ್ತಾಳೋ," ಎಂದು ಒಬ್ಬಳು ಶುರು ಮಾಡಿದಳು. ವಾರದೊಳಗೆ ಅದು ಇಡೀ ತೋಟದ ತಮಾಷೆಯಾಯಿತು. ಕಾಫಿ ಕೊಯ್ಯುವವಳಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಎರಡನೆಯ ಸುತ್ತಿನ ಕೊಯ್ಲಿಗೆ ಶೇಷಪ್ಪ ಬೇರೊಬ್ಬಳನ್ನು ಮುಂದೆ ನಿಲ್ಲಿಸಿದ. ಗಿರಿಜ ಎಲ್ಲರ ಹಿಂದೆ ತಲೆ ತಗ್ಗಿಸಿ ಹೋಗುವುದನ್ನು ನಾನು ಜಗಲಿಯಿಂದ ನೋಡಿದೆ. ನೋಡಿ, ಒಳಗೆ ಹೋಗಿ, ಅರ್ಧ ಗಂಟೆ ಕರುಣೆಯ ಧ್ಯಾನ ಮಾಡಿದೆ.

ಮೊನ್ನೆ, ಇಂಬಳದ ಊಟಕ್ಕೆ ನಿಖರವಾಗಿ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಟ್ಟಿದ್ದೆನಲ್ಲ ಎಂದು ದಿನಚರಿ ತೆರೆದೆ. ಪುಟ ಮಗುಚುವಾಗ ಇದು ಸಿಕ್ಕಿತು: 'ಏಳು ಗಿಡಕ್ಕೆ ಕಟ್ಟಿದೆ. ಕೆರೆಯ ಕೆಳಗಿನದಕ್ಕೆ ಹೋಗುವಷ್ಟರಲ್ಲಿ ಹನಿ ಬಿತ್ತು. ನಾಳೆ ಕಟ್ಟಬೇಕು. ಮನಸ್ಸು ಬಹಳ ಶಾಂತ.' ಮರುದಿನದ ಪುಟದಲ್ಲಿ ಬಂದ ನೆಂಟರಿದ್ದಾರೆ, ಮಾಡಿದ ಕಡುಬಿದೆ. ಬಟ್ಟೆಯ ಸುದ್ದಿಯೇ ಇಲ್ಲ.

ಮೊದಲು ನನಗಾದದ್ದು ನಾಚಿಕೆಯಲ್ಲ, ಸಂಭ್ರಮ. ಇದನ್ನೂ ಒಪ್ಪಿಕೊಳ್ಳಬೇಕು. ಹೊಸ ನಕ್ಷತ್ರ ಕಂಡವಳಂತೆ ಎದ್ದು ಮನೆಯೆಲ್ಲ ಓಡಾಡಿದೆ. ಮನಸ್ಸು 'ಕಟ್ಟಬೇಕು' ಎಂಬುದನ್ನು 'ಕಟ್ಟಿದೆ' ಮಾಡಿ, ಅದಕ್ಕೆ ಸದ್ದನ್ನೂ ಬಣ್ಣವನ್ನೂ ತುಂಬಿ ನನಗೇ ಕೊಟ್ಟಿತ್ತು! ಆಮೇಲೆ ಗಿರಿಜಳ ಊದಿದ ಮುಖ ಕಣ್ಣಿಗೆ ಬಂತು, ಕೂತೆ. ಸಂಕಲ್ಪವೇ ಕರ್ಮವಾದರೆ ನೀನು ಕಟ್ಟಿದ ಹಾಗೆಯೇ ಅಲ್ಲವೇ ಎಂದು ಒಳಗಿನ ಎಂ.ಎ. ವಾದ ಹೂಡಿತು. ಆಗಲಿ, ಹಾಗಾದರೆ 'ಇತ್ತು' ಎಂದು ಅವಳ ಬಾಯಿ ಮುಚ್ಚಿಸುವಾಗ ನಿನ್ನ ಸಂಕಲ್ಪ ಏನಿತ್ತು ಎಂದು ಕೇಳಿಕೊಂಡೆ. ನನ್ನ ಕರುಣೆಗೆ ಕೆಟ್ಟ ಹೆಸರು ಬಾರದಿರಲಿ ಎಂದಿತ್ತು, ಅಷ್ಟೇ.

ಅವಳೊಬ್ಬಳನ್ನೇ ಜಗಲಿಗೆ ಕರೆದು ಹೇಳಿಬಿಡೋಣ ಎನಿಸಿತು. ಆದರೆ ತಪ್ಪು ಹೊರಿಸಿದ್ದು ಎಲ್ಲರೆದುರು. ಬೆಳಗಿನ ಚಹಾಕ್ಕೆ ಎಲ್ಲರೂ ಮರದಡಿ ಕೂತಾಗ ದಿನಚರಿ ಹಿಡಿದು ಹೋಗಿ ಓದಿಯೇ ಹೇಳಿದೆ. ಬಟ್ಟೆ ಇರಲಿಲ್ಲ, ಗಿರಿಜ ಹೇಳಿದ್ದೇ ನಿಜ, ತಪ್ಪು ನನ್ನದು. ಶೇಷಪ್ಪ ಲೋಟದೊಳಗೆ ಏನನ್ನೋ ಹುಡುಕುತ್ತಿದ್ದ.

"ನಂಗೆ ಅವತ್ತೇ ಗೊತ್ತಿತ್ತಲ್ಲ ಅಮ್ಮ," ಎಂದಳು ಗಿರಿಜ, ನಿಧಾನವಾಗಿ. "ಈಗ ಇವ್ರಿಗೂ ಗೊತ್ತಾಯ್ತು, ಬಿಡಿ." ಲೋಟ ಕೆಳಗಿಟ್ಟು, "ಗೂಡು ಉಳೀಬೇಕು ಅಂತಿದ್ರೆ ನಾಳೆಯಿಂದ ನೀವೇ ನಮ್ಮ ಮುಂದೆ ನೋಡ್ಕೊಂಡು ನಡೀರಿ," ಎಂದಳು.

ಮರುದಿನ ಸಾಲಿನ ಮುಂದೆ ಗಿರಿಜ, ಗಿರಿಜಳ ಮುಂದೆ ನಾನು. ಒಂದೊಂದೇ ಗಿಡದ ಎಲೆಯಡಿ ಬಗ್ಗಿ ನೋಡುತ್ತಾ ಹೋದೆ. ಸೊಂಟ ಹಿಡಿದರೂ ಇಷ್ಟು ಹುರುಪಿನ ಬೆಳಗನ್ನು ನಾನು ಕಂಡಿಲ್ಲ. ಎರಡನೆಯ ಸಾಲಿನಲ್ಲಿ ಒಂದು ಗೂಡು ಸಿಕ್ಕಿಯೇಬಿಟ್ಟಿತು. ಖುಷಿಗೆ ಎಲ್ಲರನ್ನೂ ಕರೆದು ಬೆರಳು ತೋರಿಸಲು ಹೋದೆ, ಕಣಜವೊಂದು ಆ ಬೆರಳಿಗೇ ಕುಟುಕಿತು.

ಇದು ನನ್ನ ಕರ್ಮ, ಅನುಭವಿಸುತ್ತೇನೆ ಎಂದೆ, ಕೊಂಚ ಗಾಂಭೀರ್ಯದಿಂದಲೇ. ಗಿರಿಜ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ ಸುಣ್ಣದ ಡಬ್ಬಿ ತೆಗೆದಳು.

"ಕರ್ಮ ಆಮೇಲೆ ನೋಡನ. ಮೊದ್ಲು ಕೈ ಕೊಡಿ."