ಹನ್ನೊಂದು ಹತ್ತಿ ಸೀರೆ

ಇವತ್ತು ಹೊನ್ನಾಳಿಗೆ ಹೋಗಿ ಖಾಲಿ ಚೀಲ ಹಿಡಿದು ನ್ಯಾಮತಿಗೆ ವಾಪಸ್ ಬಂದೆ, ಗೆಳೆಯರೇ.

ಕೌದಿ ಹೊಲಿಯಲು ಹಳೆಯ ಹತ್ತಿ ಸೀರೆಗಳಿದ್ದರೆ ಕೊಡಿ ಎಂದು ಹೋದ ವಾರ ಇಲ್ಲೇ ಬರೆದಿದ್ದೆನಲ್ಲ? ಸತ್ತವರ ಬಟ್ಟೆ ಮಾತ್ರ ಬೇಡ ಎಂದೂ ಸೇರಿಸಿದ್ದೆ. ಅದನ್ನು ಓದಿದ ಒಬ್ಬಾಕೆ, ಬೇಗ ಬನ್ನಿ ಎಂದು ಫೋನ್ ಮಾಡಿದ್ದರು.

ಹನ್ನೊಂದು ಸೀರೆ ಮಡಿಸಿಟ್ಟಿದ್ದರು. ಉಟ್ಟು ಉಟ್ಟು ಮೆತ್ತಗಾದ ಹತ್ತಿ. ಇಂಥದ್ದು ಈಗ ಹುಡುಕಿದರೂ ಸಿಗುವುದಿಲ್ಲ. ಆಸೆಯಿಂದ ಚೀಲಕ್ಕೆ ತುಂಬುತ್ತಾ, ಯಾರ ಸೀರೆ ಎಂದು ಕೇಳಿದೆ.

"ನಮ್ಮತ್ತೆವು ಅಕ್ಕಾರೆ," ಎಂದು ಆಕೆ ಮೂಲೆಯ ಮಂಚ ತೋರಿಸಿದರು. ನೈಟಿ ತೊಟ್ಟ ಅಜ್ಜಿಯೊಬ್ಬರು ಮಲಗಿದ್ದರು. ಕಣ್ಣು ನನ್ನ ಚೀಲದ ಮೇಲೇ ಇತ್ತು.

"ಅವರಿಗೆ ಬೇಡ್ವೇನ್ರೀ?"

"ಡಾಕ್ಟ್ರು ಮನೆಗೆ ಕರ್ಕಂಡು ಹೋಗ್ರಿ ಅಂದುಬಿಟ್ರು. ಇನ್ನೆಲ್ಲಿ ಸೀರೆ ಉಡಾಕೆ ಆಗ್ತೈತೆ? ಆಮೇಲೆ ಕೊಟ್ರೆ ನೀವು ತಗಳ್ಳಲ್ಲ ಅಂತ ಬರ್ದಿದ್ರಲ್ಲ, ಅದಕ್ಕೇ ಈಗ್ಲೇ ಕರೆಸಿದೆ."

ನನ್ನ ಕೈ ಚೀಲದೊಳಗೇ ನಿಂತಿತು. ಅಜ್ಜಿ ಮೆಲ್ಲಗೆ ಅಂದರು: "ಆ ಹಸಿರು ಸೀರೆ ಒಂದು ಬಿಟ್ಟು ಹೋಗವ್ವ. ಮಣ್ಣಿಗೆ ಹೋಗಾಕೆ ಬೇಕು ನಂಗೆ."

"ಅದಕ್ಕೆ ಹೊಸಾದೇ ತಂದಿಟ್ಟೀವಿ, ಸುಮ್ನಿರ್ರಿ ಅತ್ತೆ," ಎಂದರು ಸೊಸೆ.

ಹನ್ನೊಂದನ್ನೂ ಚೀಲದಿಂದ ತೆಗೆದು ಅಜ್ಜಿಯ ಪಕ್ಕ ಇಟ್ಟು ಬಂದೆ. ಹಸಿರು ಸೀರೆ ಮೇಲಿರುವಂತೆ ನೋಡಿಕೊಂಡೆ. ಅದಕ್ಕಿಂತ ಹೆಚ್ಚಿನದೇನೂ ನನ್ನ ಕೈಲಿ ಆಗಲಿಲ್ಲ.

ಇವತ್ತಿನಿಂದ ನನ್ನ ನಿಯಮ ಬದಲಾಗಿದೆ. ಸತ್ತವರ ಬಟ್ಟೆಯನ್ನೂ ತೆಗೆದುಕೊಳ್ಳುತ್ತೇನೆ. ದಯವಿಟ್ಟು ಅವರು ಸಾಯುವ ತನಕ ಕಾಯಿರಿ.