ಹುಳ ಹಣ್ಣಾದ ದಿನದ ಹಾಜರಿ

ಮಾಜಿ ಶಾಸಕ ಚಿಕ್ಕಹನುಮಯ್ಯನವರು ಏನು ಮಾಡಿದರು ಎಂದು ಟೀ ಅಂಗಡಿಯಲ್ಲಿ ಕೇಳುವವರಿಗೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಊರ ಬಾಗಿಲಿಗೆ ಕಮಾನು ಕಟ್ಟಿಸಲಿಲ್ಲ, ನಿಜ. ಫ್ಲೆಕ್ಸಿನಲ್ಲಿ ನಿಂತು ಕೈಮುಗಿಯಲಿಲ್ಲ, ಅದೂ ನಿಜ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತರಾದ ಮೇಲೆ ಒಂದೇ ಒಂದು ಅವಧಿಗೆ ವಿಧಾನಸೌಧಕ್ಕೆ ಹೋಗಿ ಬಂದರು. ಅಲ್ಲಿಗೆ ಹೋದ ಮೇಲೂ ನಮಗೆ ಅವರು ಮೇಷ್ಟ್ರೇ.

ಸೋಲೂರು ಹೋಬಳಿಯ ನಮ್ಮೂರಲ್ಲಿ ಏಳನೆಯ ತರಗತಿಗೇ ಶಾಲೆ ಮುಗಿಯುತ್ತಿತ್ತು. ಮುಂದೆ ಓದಲು ಸೋಲೂರಿಗೆ ಹೋಗಬೇಕು; ಬೆಳಗ್ಗೆ ಇದ್ದುದು ಒಂದೇ ಬಸ್ಸು, ಬಂದರೆ ಬಂತು. ಹೆಣ್ಣುಮಕ್ಕಳನ್ನು ಯಾರೂ ಕಳಿಸುತ್ತಿರಲಿಲ್ಲ. ಅತ್ತ ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಎಸ್ಸೆಸ್ಸೆಲ್ಸಿ ಇಲ್ಲದವರು ಗೇಟಿನಿಂದಲೇ ವಾಪಸ್. ಹೊಲ ಕೊಟ್ಟವರ ಮಕ್ಕಳಿಗೆ ಅದೇ ಹೊಲದ ಮೇಲೆ ಪೊರಕೆ ಹಿಡಿಯುವ ಕೆಲಸ. ಇದನ್ನೇ ಅಭಿವೃದ್ಧಿ ಎಂದು ಮೈಕಿನಲ್ಲಿ ಕೂಗಿದವರೂ ಇದ್ದರು. ಮೇಷ್ಟ್ರು ಕೂಗಲಿಲ್ಲ. ಗೆದ್ದ ವರ್ಷವೇ ಕಚೇರಿಯಿಂದ ಕಚೇರಿಗೆ ಅಲೆದು ನಮ್ಮೂರಿಗೆ ಎಂಟನೆಯ ತರಗತಿ ತಂದರು. ಷರತ್ತು ಒಂದೇ: ಅಧಿಕಾರಿ ಹೇಳದೆ ಬಂದು ನೋಡಿದ ದಿನ ಇಪ್ಪತ್ತೈದು ಮಕ್ಕಳು ಕೂತಿರಬೇಕು, ಇಲ್ಲವಾದರೆ ತರಗತಿ ರದ್ದು. ಸೇರಿದ್ದವರು ಇಪ್ಪತ್ತೆಂಟು.

ಅಧಿಕಾರಿ ಬಂದ ದಿನ ಇದ್ದವರು ಒಂಬತ್ತು.

ಕಾರಣ ರೇಷ್ಮೆ ಹುಳ. ಹುಳ ಹಣ್ಣಾಗಿ ನೂಲು ಬಿಡಲು ಶುರುಮಾಡಿದರೆ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಆ ಎರಡು ದಿನ ಮನೆಯವರ ಕೈ ಸಾಲದು. ಹಿಂದೆ ಒಂದೊಂದು ಮನೆಯಲ್ಲಿ ಒಂದೊಂದು ದಿನ ಹಣ್ಣಾಗುತ್ತಿತ್ತು, ಅಕ್ಕಪಕ್ಕದವರು ಮುಯ್ಯಾಳಾಗಿ ಬರುತ್ತಿದ್ದರು. ಇವತ್ತು ನಾವು ನಿಮ್ಮಲ್ಲಿ, ನಾಡಿದ್ದು ನೀವು ನಮ್ಮಲ್ಲಿ. ಆ ಸಲ ಮೇಷ್ಟ್ರೇ ಓಡಾಡಿ ಇಡೀ ಊರಿಗೆ ಒಂದೇ ದಿನ ಚಾಕಿ, ಅಂದರೆ ಮರಿ ಹುಳ, ಕೊಡಿಸಿದ್ದರು. ಎಲ್ಲರ ಮನೆಯಲ್ಲೂ ಒಟ್ಟಿಗೇ ಹಣ್ಣಾದವು. ಮುಯ್ಯಿಗೆ ಯಾರನ್ನು ಕರೆಯುವುದು? ಮಕ್ಕಳನ್ನು ಶಾಲೆ ಬಿಡಿಸಿ ಕೂರಿಸಿಕೊಂಡರು.

ಸುದ್ದಿ ತಿಳಿದು ಮೇಷ್ಟ್ರು ಬಂದಾಗ ಅಧಿಕಾರಿ ಶಾಲೆಯ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದರು. ಹೆಡ್‌ಮಾಸ್ಟರ್ ಬಸವಯ್ಯ ರಿಜಿಸ್ಟರ್ ಹಿಡಿದು ಪಿಸುಗುಟ್ಟಿದರು:

"ಸಾರ್, ಹಾಜರಿ ನನ್ನ ಕೈಲೇ ಐತೆ. ನೀವು ಒಂದ್ ಮಾತು ಹೇಳುದ್ರೆ ಅವರೂ ಸೈನ್ ಹಾಕ್ತಾರೆ. ಎಂಎಲ್‌ಎ ಅಲ್ವರಾ ನೀವು."

"ಮೂವತ್ತು ವರ್ಷ ಹಾಜರಿ ಕೂಗಿದೀನಿ ಬಸವಯ್ಯ. ಬರದೇ ಇರೋ ಮಗಿಗೆ ಬಂದವ್ಳೆ ಅಂತ ಬರೀಬ್ಯಾಡ."

ಆಮೇಲೆ ಅಧಿಕಾರಿಯ ಬಳಿ ಹೋಗಿ ಕೇಳಿಕೊಂಡರು. "ಒಂಬತ್ತು ಅಂತಲೇ ಬರೀರಿ. ಮುಂದಿನ ಬೆಳೆ ಹಣ್ಣಾಗೋ ಹೊತ್ತಿಗೆ ಇನ್ನೊಂದ್ಸಲ ಬನ್ನಿ. ಆಗ್ಲೂ ಹೇಳ್ದೆ ಬನ್ನಿ." ಅಧಿಕಾರಿ ಒಪ್ಪಿದರು. ಅದೇ ಕೊನೆಯ ಸಲ ಎಂದೂ ಹೇಳಿದರು.

ಸಂಜೆ ಹಾಲು ಹಾಕಲು ಜನ ಡೈರಿ ಮುಂದೆ ಸೇರಿದ್ದಾಗ ಮೇಷ್ಟ್ರು ಅಲ್ಲಿಗೇ ಬಂದರು.

"ತಪ್ಪು ನಂದೇ ಕಣ್ರಪ್ಪ. ಊರಿಗೆಲ್ಲ ಒಂದೇ ದಿನ ಚಾಕಿ ಕೊಡ್ಸಿ ದೊಡ್ಡಸ್ತಿಕೆ ಮಾಡ್ದೆ. ಮುಂದಿನ ಬೆಳೆಗೆ ಅರ್ಧ ಊರು ಒಂದು ವಾರ ಬುಟ್ಟು ಚಾಕಿ ತಗೊಳ್ಳಿ. ಒಬ್ರಿಗೊಬ್ರು ಮುಯ್ಯಾಳಾದ್ರೆ ಮಕ್ಳು ಇಸ್ಕೂಲಲ್ಲೇ ಇರ್ತವೆ."

ಎರಡೆಕರೆ ಹಿಪ್ಪುನೇರಳೆಯ ಕೆಂಪಯ್ಯ ಕ್ಯಾನ್ ಕೆಳಗಿಟ್ಟ. "ವಾರ ಕಾದ್ರೆ ಸೊಪ್ಪು ಬಲ್ತೋಯ್ತದೆ ಮೇಷ್ಟ್ರೇ. ಬಲ್ತ ಸೊಪ್ಪ ಹುಳ ತಿನ್ನಲ್ಲ. ನಿಮ್ ಪಾರ್ಟಿಯೋರು ತಿಂತಾರಾ?"

ಡೈರಿ ಮುಂದೆ ನಗು. ಮೇಷ್ಟ್ರೂ ನಕ್ಕರು. ಆದರೆ ಕಾಯುತ್ತೇನೆ ಎಂದು ಯಾರೂ ಹೇಳಲಿಲ್ಲ. ಬೆಳೆ ಕೆಡಿಸಿಕೊಳ್ಳಿ ಎಂದು ಯಾವ ಬಾಯಲ್ಲಿ ಒತ್ತಾಯ ಮಾಡುವುದು? ಅವರು ಚಪ್ಪಲಿ ಮೆಟ್ಟಿ ಹೊರಡುವುದರಲ್ಲಿದ್ದರು.

"ನಾನ್ ಕಾಯ್ತೀನಿ ಕಣಣ್ಣ," ಎಂದಳು ಚಿಕ್ಕಲಕ್ಷ್ಮಮ್ಮ. ಮಗಳು ನವ್ಯಶ್ರೀ ಅದೇ ಎಂಟನೆಯ ತರಗತಿ. "ಸೊಪ್ಪು ಬಲ್ತ್ರೆ ದನಕ್ಕಾಕ್ತೀನಿ. ಮಗ್ಳು ಮನೇಲಿ ಕುಂತ್ಬುಟ್ರೆ ಆಮೇಲೆ ಯಾರು ಎಬ್ಬುಸ್ತೀರಿ? ಕೆಂಪಣ್ಣ, ನೀನ್ ಎಬ್ಬುಸ್ತೀಯಾ?"

ಕೆಂಪಯ್ಯ ಕ್ಯಾನಿನ ಮುಚ್ಚಳ ತಿರುಗಿಸುತ್ತಾ ನಿಂತ. ಒಬ್ಬೊಬ್ಬರಾಗಿ ಹದಿಮೂರು ಮನೆಯವರು ಒಪ್ಪಿದರು. ಕೆಂಪಯ್ಯ ಒಪ್ಪಲಿಲ್ಲ.

ಮುಂದಿನ ಬೆಳೆಯಲ್ಲಿ ಅಧಿಕಾರಿ ಬಂದಾಗ, ಕಾಯದೆ ಚಾಕಿ ತಂದಿದ್ದ ಮೊದಲ ಸರದಿಯವರ ಹುಳ ಹಣ್ಣಾಗಿತ್ತು. ತರಗತಿಯಲ್ಲಿ ಇಪ್ಪತ್ತಾರು ಮಕ್ಕಳು, ಇಬ್ಬರಿಗೆ ಜ್ವರ. ಶಾಸಕರು ಎಲ್ಲಿ ಎಂದು ಅಧಿಕಾರಿ ಕೇಳಿದರು. ಬಸವಯ್ಯ ಅವರನ್ನು ಕೆಂಪಯ್ಯನ ಹುಳದ ಮನೆಗೆ ಕರೆದೊಯ್ದರು. ಚಿಕ್ಕಲಕ್ಷ್ಮಮ್ಮನ ಪಕ್ಕದಲ್ಲಿ ಪಂಚೆ ಎತ್ತಿಕಟ್ಟಿ ಕೂತು ಮೇಷ್ಟ್ರು ಚಂದ್ರಿಕೆಗೆ ಹುಳ ಬಿಡುತ್ತಿದ್ದರು. ಕೆಂಪಯ್ಯ ಗದರುತ್ತಿದ್ದ: "ಹಿಂಗ್ ಒತ್ತಿ ಹಿಡುದ್ರೆ ಹುಳ ಸಾಯ್ತದೆ, ಒಸಿ ನಿಧಾನ."

ತರಗತಿ ಉಳಿಯಿತು. ಎರಡೇ ವರ್ಷಕ್ಕೆ ಹತ್ತನೆಯದೂ ಬಂತು. ಮುಂದಿನ ಚುನಾವಣೆಯಲ್ಲಿ ಮೇಷ್ಟ್ರು ಸೋತರು, ನಮ್ಮೂರ ಬೂತಿನಲ್ಲೂ ಸೋತರು. ರಸ್ತೆಗೆ ಡಾಂಬರು ಹಾಕಿಸಲಿಲ್ಲ ಎಂಬ ಸಿಟ್ಟಿನಲ್ಲಿ ಓಟು ಹಾಕದವರ ಪೈಕಿ ನಾನೂ ಒಬ್ಬ. ಟೀ ಅಂಗಡಿಯವರ ಮೇಲೆ ರೇಗುವಾಗಲೆಲ್ಲ ಅದು ನನಗೆ ನೆನಪಾಗುತ್ತದೆ.

ನವ್ಯಶ್ರೀ ಎಸ್ಸೆಸ್ಸೆಲ್ಸಿ ಮುಗಿಸಿ, ಡಿಪ್ಲೊಮಾ ಓದಿ, ಈಗ ಬಿಡದಿಯ ಕಾರ್ಖಾನೆಯೊಂದಕ್ಕೆ ಬ್ಯಾಡ್ಜು ತೂಗುಹಾಕಿಕೊಂಡು ಹೋಗುತ್ತಾಳೆ. ಊರಿಗೆ ಚಾಕಿ ಈಗಲೂ ಎರಡು ಸರದಿಯಲ್ಲೇ ಬರುತ್ತದೆ. ಕಳೆದ ಬೆಳೆಯಲ್ಲಿ ಎರಡನೆಯ ಸರದಿಗೆ ಮೊದಲು ಹೆಸರು ಬರೆಸಿದವನು ಕೆಂಪಯ್ಯ. ಅವನ ಮೊಮ್ಮಗಳು ಈ ವರ್ಷ ಎಂಟನೆಯ ತರಗತಿ.