ಶ್ರಾವಣದ ತತ್ತಿ

ನಮ್ಮ ಓಣಿಯ ಅಂಗನವಾಡಿಯಲ್ಲಿ ಅಡುಗೆ ಮಾಡುವ ಮೂಕಮ್ಮ ಹುಟ್ಟಿದ್ದು ಆಂಧ್ರದ ಗಡಿಯ ನಮ್ಮೂರು ಹೊಳಗುಂದದಲ್ಲೇ. ಗಂಡ ತೀರಿಕೊಂಡ ಮೇಲೆ ಆದವಾನಿಯ ಹತ್ತಿ ಬಿಡಿಸುವ ಜಿನ್ನಿನಲ್ಲಿ ಕೆಲವು ವರ್ಷ ದುಡಿದಳು. ದೂಳು ಎದೆಗೆ ಹಿಡಿದು ಕೆಮ್ಮು ಬಿಡದಾದಾಗ ಊರಿಗೆ ಮರಳಿ ಈ ಕೆಲಸಕ್ಕೆ ಸೇರಿದಳು. ಕೋಳಿ ಸಾರೆಂದರೆ ಅವಳಿಗೆ ಪ್ರಾಣ. ಆದಿತ್ಯವಾರ ಅವಳ ಮನೆಯ ಮಸಾಲೆ ವಾಸನೆ ಓಣಿಯ ಕೊನೆಯವರೆಗೂ ಬರುತ್ತಿತ್ತು.

ಅಂಗನವಾಡಿಯ ಮಕ್ಕಳಲ್ಲಿ ಈಶ್ವರಿ ಎಂಬ ಕೂಸು ಬಹಳ ಸೊರಗಿತ್ತು. ಮೂರು ತುಂಬಿದರೂ ಗೋಡೆ ಹಿಡಿದೇ ನಡಿಗೆ. ಟೀಚರಮ್ಮ ತೋಳಿಗೆ ಅಳತೆಯ ಬಣ್ಣದ ಪಟ್ಟಿ ಸುತ್ತಿ ನೋಡಿದರೆ ಕೆಂಪು ತೋರಿಸುತ್ತಿತ್ತು. ಕೆಂಪು ಎಂದರೆ ಜೀವಕ್ಕೇ ಅಪಾಯ. ಡಾಕ್ಟರು ಔಷಧಿ ಕೊಟ್ಟು, ದಿನಾ ಹಾಲು, ತತ್ತಿ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದ್ದರು. ತಾಯಿ ಮಹೇಶ್ವರಿ ಬೆಳಕು ಹರಿಯುವಾಗಲೇ ಹತ್ತಿ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ. ಕೂಸನ್ನು ನೋಡಿಕೊಳ್ಳುವವಳು ಅಜ್ಜಿ ಹುಸೇನಮ್ಮ; ಮೊಹರಮ್ಮಿನ ಹರಕೆಗೆ ಹುಟ್ಟಿದವಳೆಂದು ಆ ಹೆಸರು.

ಶ್ರಾವಣ ಬಂತು. ಉರುಕುಂದದ ಈರಣ್ಣ ದೇವರಿಗೆ ನಡೆದುಕೊಳ್ಳುವ ನಮ್ಮ ಮನೆಗಳಲ್ಲಿ ಆ ತಿಂಗಳು ಮಾಂಸ, ತತ್ತಿ ಹೊಸ್ತಿಲು ದಾಟುವುದಿಲ್ಲ. ಸಣ್ಣ ಮಕ್ಕಳಿಗೆ ಆ ಕಟ್ಟುಪಾಡಿಲ್ಲ. ಆದರೆ ಹುಸೇನಮ್ಮ, ಕೂಸು ಗಟ್ಟಿಯಾಗಲಿ ಎಂದೇ, ಕೂಸಿನ ಹೆಸರಿನಲ್ಲಿ ಹರಕೆ ಹೊತ್ತಳು. ಅರಿಶಿಣದ ಬಟ್ಟೆಯಲ್ಲಿ ರೂಪಾಯಿ ಕಟ್ಟಿ ಮುಡಿಪು ಮಾಡಿ ದೇವರ ಮುಂದಿಟ್ಟಳು. ಶ್ರಾವಣ ಮುಗಿಯುವತನಕ ಈಶ್ವರಿಗೂ ತತ್ತಿ ಇಲ್ಲ.

ಮೊದಲ ದಿನವೇ ಅಜ್ಜಿ ಅಂಗನವಾಡಿಗೆ ಬಂದು ಕೂಸಿನ ತಾಟಿನ ತತ್ತಿ ತೆಗೆದು ಪಕ್ಕದ ಮಗುವಿನ ತಾಟಿಗೆ ಹಾಕಿದಳು. ಈಶ್ವರಿ ಅಳಲಿಲ್ಲ. ಆ ತತ್ತಿಯನ್ನೇ ನೋಡುತ್ತಾ ಕುಳಿತಳು. ಟೀಚರಮ್ಮ ತೆಲುಗಿನಲ್ಲೂ ಕನ್ನಡದಲ್ಲೂ ತಿಳಿಹೇಳಿದರು. ಹುಸೇನಮ್ಮ ಕೇಳಿಸಿಕೊಂಡಳು, ಮರುದಿನವೂ ಬಂದು ತತ್ತಿ ತೆಗೆದಳು. ವಾರ ಕಳೆಯುವುದರೊಳಗೆ ಕೂಸು ಎದ್ದು ನಿಲ್ಲುವುದನ್ನೂ ಬಿಟ್ಟಿತು.

ಆ ಸಂಜೆ ಮೂಕಮ್ಮ ಹುಸೇನಮ್ಮನ ಮನೆಯ ಕಟ್ಟೆಗೆ ಬಂದಳು. ಪಕ್ಕದ ಮನೆಯ ನಾನೂ ಅಲ್ಲೇ ಅಕ್ಕಿ ಆರಿಸುತ್ತಾ ಕುಳಿತಿದ್ದೆ.

“ಅತ್ತಿ, ನಿನ್ನ ತಾಟಿನಾಗಿಂದು ಏನ್ ಬಿಡ್ತಿ ಬಿಡು. ಕೂಸಿನ ಪಾಲು ಬಿಡಂತ ಆಕಿ ಹೇಳ್ಯಾಳೇನು?”

“ಹೆಸರು ಮೂಕಮ್ಮ, ಬಾಯಿ ನೋಡಿದ್ರ ಹಲಗಿ ಬಡದಂಗ,” ಎಂದಳು ಹುಸೇನಮ್ಮ. ಆಮೇಲೆ ದನಿ ಇಳಿಯಿತು. “ಮಾತು ಕೊಟ್ಟೀನವ್ವ. ತಪ್ಪಿದ್ರ ಈರಣ್ಣ ಕೂಸನ್ನ ಉಳಿಸ್ತಾನೇನು?”

ಅದು ಮೊಂಡುತನವಲ್ಲ, ಹೆದರಿಕೆ. ನಮಗೆ ತಿಳಿದದ್ದು ಆಗಲೇ. ಮೂಕಮ್ಮ ಸೆರಗು ಒಡ್ಡಿದಳು.

“ಆ ಮುಡಿಪು ನನ್ನ ಉಡಿಗೆ ಹಾಕು. ಹರಕಿ ನಾ ಹೊರ್ತೀನಿ. ಈ ಕೂಸು ಓಡೋತನಕ ನಾ ಕೋಳಿ, ತತ್ತಿ ಮುಟ್ಟಂಗಿಲ್ಲ.”

“ನೀನು? ಕೋಳಿ ಬಿಡ್ತಿ?”

“ಕೋಳಿಗೂ ಆಯುಷ್ಯ ಗಟ್ಟಿ ಐತಿ ಅನ್ಕೊ.”

ಮನೆಯವರಲ್ಲದವರು ಹರಕೆ ಹೊರಬಹುದೇ ಎಂಬಂತೆ ಹುಸೇನಮ್ಮ ನನ್ನ ಮುಖ ನೋಡಿದಳು. ನಮ್ಮವ್ವನ ಕಾಲದಲ್ಲಿ ಓಣಿಯವರು ಒಬ್ಬರ ಹರಕೆಯನ್ನೊಬ್ಬರು ಹೊತ್ತದ್ದನ್ನು ಕಂಡಿದ್ದೆ, ಹೊರಬಹುದು ಎಂದೆ. ಅವಳು ಒಳಗೆ ಹೋಗಿ ದೀಪ ಹಚ್ಚಿ, ಏನೋ ಬೇಡಿಕೊಂಡು, ಮುಡಿಪು ತಂದು ಮೂಕಮ್ಮನ ಉಡಿಗೆ ಹಾಕಿದಳು.

ಮರುದಿನದಿಂದ ಈಶ್ವರಿ ಮತ್ತೆ ತತ್ತಿ ತಿನ್ನತೊಡಗಿದಳು. ಅಷ್ಟರಲ್ಲಿ ಮೂಕಮ್ಮ ಜ್ವರ ಬಂದು ಮಲಗಿದಳು. ಅಂಗನವಾಡಿಯ ಅಡುಗೆ ನಿಂತಿದ್ದರಿಂದ ಟೀಚರಮ್ಮ ತಾವೇ ತತ್ತಿ ಬೇಯಿಸಿ ಮನೆಗಳಿಗೆ ಕಳಿಸಿದರು. ಮಹೇಶ್ವರಿ ಹೊಲದಲ್ಲಿದ್ದಳು. ಈಶ್ವರಿಯ ತತ್ತಿ ಕಟ್ಟೆಯ ಮೇಲೆ ತಣ್ಣಗಾಗುತ್ತಿತ್ತು. ಕೂಸಿನ ಹರಕೆ ಮೂಕಮ್ಮನಿಗೆ ಹೋದರೂ ಹುಸೇನಮ್ಮನ ಶ್ರಾವಣದ ಕಟ್ಟುಪಾಡು ಹೋಗಿರಲಿಲ್ಲ; ಅವಳು ಮುಟ್ಟಲಾರಳೆಂದು ಸುಲಿದುಕೊಡಲು ನಾನೇ ಎದ್ದೆ. ಬೇಡವೆಂದು ಕೈ ಮಾಡಿದಳು. ಹೊಸ್ತಿಲ ಹೊರಗೆ ಕುಳಿತು ತಾನೇ ಸುಲಿದು, ಪುಡಿ ಮಾಡಿ, ಕೊನೆಯ ತುತ್ತಿನವರೆಗೂ ತಿನ್ನಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲೇ ದೇವರಿಗೆ ಕೈಮುಗಿದಳು.

ದಸರೆ ಕಳೆದಿದೆ. ಪಟ್ಟಿ ಈಗ ಹಳದಿಗೆ ಬಂದಿದೆ, ಹಸಿರಿಗೆ ಇನ್ನೂ ಬಂದಿಲ್ಲ. ಕೂಸು ನಡೆಯುತ್ತದೆ, ಓಡುವುದಿಲ್ಲ. ಮೂಕಮ್ಮ ಆದಿತ್ಯವಾರವೂ ಮಜ್ಜಿಗೆ ಅನ್ನ ಉಣ್ಣುತ್ತಿದ್ದಾಳೆ.